ಸಹಿ ಇದೆ, ಸುಳಿವಿಲ್ಲ: ಜೆ. ಸಿ. ಲೈಯೆಂಡೆಕರ್‌ನ ಮುಖಪುಟಗಳು ಮತ್ತು ಮರೆಯಾದ ಬದುಕು

ಜೋಸೆಫ್ ಕ್ರಿಶ್ಚಿಯನ್ ಲೈಯೆಂಡೆಕರ್ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಮನೆಮನೆಗೂ ಪರಿಚಯವಿದ್ದ ಚಿತ್ರಕಾರ. ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ವಾರಪತ್ರಿಕೆಯೊಂದಕ್ಕೇ ಆತ 1899ರಿಂದ 1943ರವರೆಗೆ 322 ಮುಖಪುಟಗಳನ್ನು ಬರೆದುಕೊಟ್ಟ. ‘ಕಾಲಿಯರ್ಸ್’ನಂತಹ ಪತ್ರಿಕೆಗಳ ಮುಖಪುಟಗಳು, ಬಟ್ಟೆ, ಕಾಲುಚೀಲ, ತಿಂಡಿ ಪದಾರ್ಥಗಳ ಜಾಹೀರಾತುಗಳು, ಯುದ್ಧಕಾಲದ ಭಿತ್ತಿಪತ್ರಗಳು ಇದಕ್ಕೆ ಹೊರತು. ಇಷ್ಟು ಕೆಲಸ ಮಾಡಿದವನ ಬದುಕಿನ ಬಗ್ಗೆ ಉಳಿದಿರುವ ದಾಖಲೆ ಮಾತ್ರ ತೀರಾ ಕಡಿಮೆ. ಆತ್ಮಕಥೆ ಇಲ್ಲ, ಖಾಸಗಿ ಪತ್ರಗಳ ಕಟ್ಟು ಇಲ್ಲ. ತಾನು ಸತ್ತ ಮೇಲೆ ಕಾಗದಪತ್ರಗಳನ್ನೆಲ್ಲ ನಾಶಮಾಡಬೇಕೆಂದು ಆತನೇ ಹೇಳಿಟ್ಟಿದ್ದ ಎನ್ನುತ್ತಾರೆ ಜೀವನಚರಿತ್ರೆಕಾರರು. ಹಾಗಾಗಿ ಈ ಕಲಾವಿದನನ್ನು ಅರಿಯಲು ಹೊರಟವರಿಗೆ ಸಿಗುವುದು ಎರಡು ಬಗೆಯ ಸಾಮಗ್ರಿ. ತಾರೀಖು ಸಮೇತ ಅಚ್ಚಾಗಿ ಲಕ್ಷಾಂತರ ಮನೆಗಳನ್ನು ಸೇರಿದ ಚಿತ್ರಗಳು ಒಂದು. ಆತನ ಬಗ್ಗೆ ಬೇರೆಯವರು ಆಡಿದ ಮಾತುಗಳು ಇನ್ನೊಂದು. ಮೊದಲನೆಯದು ಹೇರಳ ಮತ್ತು ಖಚಿತ. ಎರಡನೆಯದು ಅಲ್ಪ, ಜೊತೆಗೆ ಒಂದು ಕಡೆಗೆ ವಾಲಿದ್ದು. ಇವೆರಡನ್ನು ಕಲಸದೆ ಬೇರೆಬೇರೆಯಾಗಿ ತೂಗಿ ನೋಡಿದರೆ ಲೈಯೆಂಡೆಕರ್ ಬಗ್ಗೆ ಹೇಳಬಹುದಾದದ್ದು ಸಾಕಷ್ಟಿದೆ, ಹೇಳಬಾರದ್ದೂ ಸ್ಪಷ್ಟವಾಗುತ್ತದೆ.

ಆತ ಹುಟ್ಟಿದ್ದು 1874ರ ಮಾರ್ಚ್ 23ರಂದು, ಜರ್ಮನಿಯ ಮೊಂಟಾಬೌರ್ ಎಂಬ ಊರಿನಲ್ಲಿ. ಎಂಟು ವರ್ಷದವನಿದ್ದಾಗ, 1882ರಲ್ಲಿ, ಕುಟುಂಬ ಅಮೆರಿಕಕ್ಕೆ ವಲಸೆ ಹೋಗಿ ಷಿಕಾಗೋದಲ್ಲಿ ನೆಲೆ ನಿಂತಿತು. ಅಲ್ಲಿನ ಮದ್ಯ ತಯಾರಿಕೆಯ ಮೆಕಾವೊಯ್ ಕಂಪನಿಯಲ್ಲಿ ನೆಂಟರ ಆಸರೆಯಿತ್ತು. ಸಹೋದರಿ ಆಗಸ್ಟಾ ಮತ್ತು ತಮ್ಮ ಫ್ರಾಂಕ್ ಈತನ ಬದುಕಿನುದ್ದಕ್ಕೂ ಮುಖ್ಯರಾದವರು. ಫ್ರಾಂಕ್ ಕೂಡ ಚಿತ್ರಕಾರನಾದ. ಹದಿಹರೆಯದಲ್ಲೇ ಜೋಸೆಫ್ ಜೆ. ಮ್ಯಾನ್ಜ್ ಎಂಬ ಅಚ್ಚುಪಡಿ ಕೆತ್ತುವ ಕಂಪನಿಯಲ್ಲಿ ಕೆಲಸ ಕಲಿಯಲು ಸೇರಿದ. ಬೈಬಲ್ ಆವೃತ್ತಿಯೊಂದಕ್ಕಾಗಿ 60 ಚಿತ್ರಗಳನ್ನು ಬರೆದದ್ದು ಆಗಲೇ. ಜೊತೆಜೊತೆಗೆ ಷಿಕಾಗೋ ಕಲಾ ಸಂಸ್ಥೆಯಲ್ಲಿ ಜಾನ್ ವ್ಯಾಂಡರ್‌ಪೋಲ್ ಬಳಿ ಮನುಷ್ಯಾಕೃತಿಯ ರೇಖಾಭ್ಯಾಸ ಮಾಡಿದ. ಮಾಂಸಖಂಡ, ಮೂಳೆ, ಕೀಲುಗಳ ರಚನೆಯನ್ನು ಅರಿತು ಆಕೃತಿ ಬರೆಯುವುದನ್ನು ಕಲಿಸುವುದರಲ್ಲಿ ವ್ಯಾಂಡರ್‌ಪೋಲ್ ಹೆಸರಾದವನು. ಲೈಯೆಂಡೆಕರ್‌ನ ಚಿತ್ರಗಳಲ್ಲಿ ಕೋಟು ಎಷ್ಟೇ ದಪ್ಪವಾಗಿರಲಿ, ಅದರೊಳಗಿನ ಭುಜ ಎಲ್ಲಿ ತಿರುಗಿದೆ, ಮೊಣಕೈ ಎಲ್ಲಿ ಮಡಿಚಿದೆ ಎಂಬುದು ತಿಳಿಯುತ್ತದೆ. ಅದರ ಬುನಾದಿ ಈ ಪಾಠದಲ್ಲಿದೆ. ಅಚ್ಚಿನ ಕಂಪನಿಯ ಕೆಲಸದಿಂದ ಬಂದದ್ದು ಇನ್ನೊಂದು ತಿಳಿವಳಿಕೆ: ಬಣ್ಣದಲ್ಲಿ ಬರೆದದ್ದು ಅಚ್ಚಿಗೆ ಹೋದಾಗ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬುದು. ಮುಂದೆ ಇದೇ ಆತನ ಕೈಹಿಡಿಯಿತು.

1896ರಲ್ಲಿ ‘ಸೆಂಚುರಿ’ ಮಾಸಪತ್ರಿಕೆ ತನ್ನ ಬೇಸಿಗೆ ವಿಶೇಷಾಂಕದ ಭಿತ್ತಿಪತ್ರಕ್ಕಾಗಿ ಸ್ಪರ್ಧೆ ನಡೆಸಿತು. ಲೈಯೆಂಡೆಕರ್ ಮೊದಲ ಬಹುಮಾನ ಪಡೆದ. ಎರಡನೆಯದು ಮ್ಯಾಕ್ಸ್‌ಫೀಲ್ಡ್ ಪ್ಯಾರಿಷ್‌ಗೆ ಹೋಯಿತು. ಅದೇ ವರ್ಷ ಅಣ್ಣತಮ್ಮಂದಿರಿಬ್ಬರೂ ಪ್ಯಾರಿಸ್‌ಗೆ ಹೋಗಿ ಜೂಲಿಯನ್ ಅಕಾಡೆಮಿಯಲ್ಲಿ ಕಲಿತರು. ಆಗ ಆ ನಗರದ ಗೋಡೆಗಳ ಮೇಲೆ ಷೆರೆ, ತುಲೂಸ್ ಲೊಟ್ರೆಕ್, ಮುಖಾ ಮುಂತಾದವರ ಭಿತ್ತಿಪತ್ರಗಳು ರಾರಾಜಿಸುತ್ತಿದ್ದವು. ದಾರಿಹೋಕನ ಕಣ್ಣನ್ನು ಒಂದು ಕ್ಷಣದಲ್ಲಿ ಹಿಡಿದು ನಿಲ್ಲಿಸುವ ಕಲೆ ಅದು. ಷಿಕಾಗೋದಲ್ಲಿ ಪ್ರಕಟವಾಗುತ್ತಿದ್ದ, ಮುದ್ರಣ ವೃತ್ತಿಯವರ ಪತ್ರಿಕೆಯಾದ ‘ಇನ್‌ಲ್ಯಾಂಡ್ ಪ್ರಿಂಟರ್’ಗೆ ಆ ದಿನಗಳಲ್ಲಿ ಆತ ಬರೆದ ಮುಖಪುಟಗಳಲ್ಲಿ ಪ್ಯಾರಿಸ್ಸಿನ ಈ ಪ್ರಭಾವ ಎದ್ದು ಕಾಣುತ್ತದೆ.

1899ರ ಮೇ 20ರ ಸಂಚಿಕೆಯಲ್ಲಿ ‘ಪೋಸ್ಟ್’ಗಾಗಿ ಆತ ಬರೆದ ಮೊದಲ ಮುಖಪುಟ ಬಂತು. ಜಾರ್ಜ್ ಹೊರೇಸ್ ಲೊರಿಮರ್ ಆ ಪತ್ರಿಕೆಯ ಸಂಪಾದಕನಾದದ್ದೂ ಅದೇ ವರ್ಷ. ಫಿಲಡೆಲ್ಫಿಯಾದ ಕರ್ಟಿಸ್ ಕಂಪನಿ ನಡೆಸುತ್ತಿದ್ದ, ಸೊರಗಿಹೋಗಿದ್ದ ಈ ವಾರಪತ್ರಿಕೆಯ ಬೆಲೆ ಐದು ಸೆಂಟು. 1908ರ ಕೊನೆಗೆ ಅದರ ಪ್ರಸಾರ ಹತ್ತು ಲಕ್ಷ ಮುಟ್ಟಿತು. ರೇಡಿಯೊ ಇನ್ನೂ ಬಾರದ ಕಾಲದಲ್ಲಿ ಇಡೀ ದೇಶ ಒಂದೇ ವಾರ ಒಂದೇ ಚಿತ್ರವನ್ನು ನೋಡುವಂತೆ ಮಾಡಿದ್ದು ಇಂತಹ ಪತ್ರಿಕೆಗಳು. 1900ರಲ್ಲಿ ಲೈಯೆಂಡೆಕರ್ ನ್ಯೂಯಾರ್ಕಿಗೆ ಬಂದು ನೆಲೆಸಿದ. ಪತ್ರಿಕೆ ಮತ್ತು ಜಾಹೀರಾತಿನ ವ್ಯವಹಾರ ಕೇಂದ್ರೀಕೃತವಾಗಿದ್ದದ್ದು ಅಲ್ಲೇ.

‘ಪೋಸ್ಟ್’ನ ಮುಖಪುಟ ಆ ದಿನಗಳಲ್ಲಿ ಎರಡೇ ಬಣ್ಣಗಳಲ್ಲಿ ಅಚ್ಚಾಗುತ್ತಿತ್ತು, ಸಾಮಾನ್ಯವಾಗಿ ಕಪ್ಪು ಮತ್ತು ಕೆಂಪು. ಪೂರ್ಣ ವರ್ಣದ ಮೊದಲ ಮುಖಪುಟ ಬಂದದ್ದು 1926ರ ಫೆಬ್ರವರಿಯಲ್ಲಿ. ಅಂದರೆ ಲೈಯೆಂಡೆಕರ್ ತನ್ನ ಹೆಸರು ಗಳಿಸಿದ್ದು ಈ ಎರಡು ಬಣ್ಣಗಳ ಇಕ್ಕಟ್ಟಿನಲ್ಲೇ. ಹಿನ್ನೆಲೆಯನ್ನು ಬಿಳಿಯಾಗಿ ಬಿಟ್ಟು, ಒಂದೋ ಎರಡೋ ಆಕೃತಿಗಳನ್ನು ದಟ್ಟವಾಗಿ ಮುಂದೆ ನಿಲ್ಲಿಸಿ, ಅವುಗಳ ಹೊರಗೆರೆಯನ್ನು ಚುರುಕಾಗಿ ಕತ್ತರಿಸುವುದು ಆತನ ಕ್ರಮ. ಅಂಗಡಿಯ ಸಾಲಿನಲ್ಲಿ ಹತ್ತು ಪತ್ರಿಕೆಗಳ ನಡುವೆ ನೇತುಬಿದ್ದಾಗಲೂ ಅದು ಎದ್ದು ಕಾಣುತ್ತಿತ್ತು. ಮುಖಪುಟ ಚಿತ್ರಕ್ಕೆ ಒಳಗಿನ ಯಾವ ಕಥೆಯ ಆಸರೆಯೂ ಇರಲಿಲ್ಲ. ಅದು ತನ್ನ ಕಥೆಯನ್ನು ತಾನೇ, ಒಂದು ಶಬ್ದದ ಸಹಾಯವೂ ಇಲ್ಲದೆ ಹೇಳಬೇಕಿತ್ತು.

ಕೆಲಸದ ವಿಧಾನದ ಬಗ್ಗೆ ಮಾತ್ರ ಲೈಯೆಂಡೆಕರ್ ಮುಚ್ಚುಮರೆ ಮಾಡಲಿಲ್ಲ. ಕಡೆಗಾಲದಲ್ಲಿ ಕೇಳಿದವರಿಗೆ ಅದನ್ನು ಬಿಡಿಸಿ ಹೇಳಿದ್ದಾನೆ. ಮೊದಲು ಎರಡು ಅಂಗುಲಕ್ಕೆ ಮೂರು ಅಂಗುಲದಷ್ಟು ಸಣ್ಣ ಕರಡು ಚಿತ್ರಗಳನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಬರೆಯುವುದು. ಒಂದೇ ನೋಟಕ್ಕೆ ಎಲ್ಲವೂ ಕಾಣುವುದರಿಂದ ಯಾವುದು ಕಥೆಯನ್ನು ಸ್ಪಷ್ಟವಾಗಿ ಹೇಳುತ್ತದೆಂದು ಹೋಲಿಸಬಹುದು. ಆರಿಸಿದ ಕರಡನ್ನು ಚೌಕುಳಿ ಹಾಕಿ ಮುಖಪುಟದ ಅಳತೆಗೆ ದೊಡ್ಡದು ಮಾಡುವುದು. ಆಮೇಲೆ ರೂಪದರ್ಶಿಯನ್ನು ಕರೆಸಿ, ಆ ಭಂಗಿಯಲ್ಲಿ ನಿಲ್ಲಿಸಿ, ಪೆನ್ಸಿಲ್ ಅಥವಾ ಇದ್ದಿಲಿನಲ್ಲಿ, ಬಳಿಕ ಬಣ್ಣದಲ್ಲಿ ಅಭ್ಯಾಸಚಿತ್ರಗಳನ್ನು ಮಾಡುವುದು. ಫೋಟೊ ಇಟ್ಟುಕೊಂಡು ಬರೆಯುವುದು ಆತನಿಗೆ ಒಗ್ಗಲಿಲ್ಲ. ಕಣ್ಣೆದುರಿಗೆ ಜೀವಂತ ವ್ಯಕ್ತಿ ಇರಬೇಕಿತ್ತು. ಕೊನೆಯ ಹಂತ ಇದಕ್ಕೆ ತದ್ವಿರುದ್ಧ. ಅಭ್ಯಾಸಚಿತ್ರಗಳಿಂದ ಬೇಕಾದ ಭಾಗಗಳನ್ನು ಅಂತಿಮ ಕ್ಯಾನ್ವಾಸಿಗೆ ಚೌಕುಳಿಯ ಮೂಲಕ ಸಾಗಿಸಿ, ರೂಪದರ್ಶಿಯನ್ನು ಮನೆಗೆ ಕಳಿಸಿ, ಒಬ್ಬನೇ ಕುಳಿತು ಮುಗಿಸುವುದು. ಎದುರಿಗಿರುವ ಮನುಷ್ಯನ ಸಣ್ಣಪುಟ್ಟ ವಿವರಗಳು ಈ ಹಂತದಲ್ಲಿ ಕಳಚಿಕೊಂಡು, ಚಿತ್ರಕ್ಕೆ ಬೇಕಾದ ರೂಪ ಮಾತ್ರ ಉಳಿಯುತ್ತಿತ್ತು.

ಉಳಿದುಬಂದಿರುವ ಅಭ್ಯಾಸ ಕ್ಯಾನ್ವಾಸುಗಳನ್ನು ಹತ್ತಿರದಿಂದ ನೋಡಿದರೆ ಈ ವಿಧಾನ ಕಣ್ಣಿಗೇ ಕಟ್ಟುತ್ತದೆ. ಒಂದೇ ಬಟ್ಟೆಯ ತುಂಡಿನ ಮೇಲೆ ಒಂದು ಮುಖ, ಅದರ ಪಕ್ಕದಲ್ಲೇ ತಲೆಕೆಳಗಾಗಿ ಒಂದು ಕೈ, ಕೆಳಗೆ ಅದೇ ಕೈ ಮತ್ತೊಮ್ಮೆ ಬೆರಳುಗಳ ಬಾಗು ತುಸು ಬದಲಾಗಿ, ಮೂಲೆಯಲ್ಲಿ ತೋಳಿನ ಮಡಿಕೆ. ಮೇಲೆ ಪೆನ್ಸಿಲಿನ ಚೌಕುಳಿ ಗೆರೆಗಳು. ಬಣ್ಣ ಹಚ್ಚಿದ ರೀತಿಯಂತೂ ಆತನ ಸಹಿಯಷ್ಟೇ ನಿಚ್ಚಳ. ಎಣ್ಣೆ ಮತ್ತು ಟರ್ಪೆಂಟೈನ್ ಧಾರಾಳವಾಗಿ ಬೆರೆಸಿದ ತೆಳು ಬಣ್ಣವನ್ನು ಅಗಲ ಕುಂಚದಲ್ಲಿ ತುಂಬಿಕೊಂಡು, ಓರೆಯಾದ ಪಟ್ಟೆಗಳಾಗಿ ಒಂದೊಂದೇ ಎಳೆತದಲ್ಲಿ ಇಡುವುದು. ಎರಡು ಪಟ್ಟೆಗಳ ನಡುವಿನ ಸಂದನ್ನು ಮುಚ್ಚದೆ ಹಾಗೇ ಬಿಡುವುದು. ಕೆನ್ನೆಯ ಮೇಲಿನ ಬೆಳಕು ನಾಲ್ಕೈದು ಪಟ್ಟೆಗಳಲ್ಲಿ ಮುಗಿದುಹೋಗುತ್ತದೆ. ಒಮ್ಮೆ ಇಟ್ಟ ಕುಂಚವನ್ನು ತಿದ್ದಲು ಮತ್ತೆ ಹೋದರೆ ಆ ತಾಜಾತನ ಕೆಡುತ್ತದೆ. ಅದಕ್ಕೇ ಅಷ್ಟೊಂದು ಪೂರ್ವಸಿದ್ಧತೆ. ಸಲೀಸಾಗಿ ಕಾಣುವ ಆ ಒಂದು ಎಳೆತದ ಹಿಂದೆ ಹತ್ತಾರು ಅಭ್ಯಾಸಗಳಿರುತ್ತಿದ್ದವು.

‘ಪೋಸ್ಟ್’ನಲ್ಲಿ ಹಬ್ಬಹರಿದಿನಗಳ ಮುಖಪುಟ ಹೆಚ್ಚುಕಡಿಮೆ ಲೈಯೆಂಡೆಕರ್‌ಗೇ ಮೀಸಲಾಯಿತು. ಕ್ರಿಸ್‌ಮಸ್, ಈಸ್ಟರ್, ಜುಲೈ ನಾಲ್ಕು, ಥ್ಯಾಂಕ್ಸ್‌ಗಿವಿಂಗ್ ಎಲ್ಲದಕ್ಕೂ ಆತನ ಚಿತ್ರ ಬರುವುದು ರೂಢಿಯಾಯಿತು. 1928ರ ಥ್ಯಾಂಕ್ಸ್‌ಗಿವಿಂಗ್ ಮುಖಪುಟದಲ್ಲಿ ಬಂದೂಕು ಹಿಡಿದ ಹಳೆಯ ಕಾಲದ ವಲಸಿಗನೊಬ್ಬ ಮತ್ತು 1928ರ ಫುಟ್‌ಬಾಲ್ ಆಟಗಾರನೊಬ್ಬ ಅಕ್ಕಪಕ್ಕ ನಿಂತಿದ್ದಾರೆ. ಮುನ್ನೂರು ವರ್ಷಗಳ ಅಂತರವನ್ನು ಎರಡು ಆಕೃತಿಗಳು ಹೇಳಿಬಿಡುತ್ತವೆ. ಎಲ್ಲಕ್ಕಿಂತ ಜನಪ್ರಿಯವಾದದ್ದು ಹೊಸ ವರ್ಷದ ಮಗು. 1906ರ ಡಿಸೆಂಬರ್ 29ರ ಸಂಚಿಕೆಯಲ್ಲಿ ಮೊದಲು ಕಾಣಿಸಿಕೊಂಡ ಈ ಮಗು ವರ್ಷವರ್ಷವೂ ಹೊಸ ವೇಷದಲ್ಲಿ ಬಂತು. 1912ರ ಹೊಸ ವರ್ಷಕ್ಕೆ ಅದು ಮಹಿಳೆಯರ ಮತದಾನದ ಹಕ್ಕಿನ ಫಲಕ ಹಿಡಿದಿತ್ತು. 1943ರ ಜನವರಿ 2ರ ಸಂಚಿಕೆಯಲ್ಲಿ ಯುದ್ಧದ ಟೊಪ್ಪಿಗೆ ತೊಟ್ಟು ನಾತ್ಸಿ ಚಿಹ್ನೆಯ ಮೇಲೆ ಎರಗಿತು. ‘ಪೋಸ್ಟ್’ಗಾಗಿ ಲೈಯೆಂಡೆಕರ್ ಬರೆದ ಕೊನೆಯ ಮುಖಪುಟ ಅದೇ. ಬಟ್ಟೆಯಿಲ್ಲದ ಒಂದು ಕೂಸು, ಅದರ ಕೈಯಲ್ಲೊಂದು ವಸ್ತು, ಇಷ್ಟರಲ್ಲೇ ಆ ವರ್ಷ ದೇಶದ ಮನಸ್ಸಿನಲ್ಲಿದ್ದ ಮುಖ್ಯ ವಿಷಯವನ್ನು ಹೇಳುವುದು ಸಣ್ಣ ಕೆಲಸವಲ್ಲ. ಮೂವತ್ತಾರು ವರ್ಷಗಳ ಈ ಸರಣಿ ಅಮೆರಿಕದ ಸಾರ್ವಜನಿಕ ಬದುಕಿನ ಒಂದು ವಾರ್ಷಿಕ ದಾಖಲೆಯೇ ಸರಿ.

ದಾಖಲೆ ಕಡಿಮೆಯಿರುವ ಕಡೆ ದಂತಕಥೆ ಬೆಳೆಯುತ್ತದೆ. ಲೈಯೆಂಡೆಕರ್ ವಿಷಯದಲ್ಲಿ ಅದಕ್ಕೊಂದು ಒಳ್ಳೆಯ ಉದಾಹರಣೆ 1914ರ ಮೇ 30ರ ಮುಖಪುಟ. ಹೋಟೆಲಿನ ಸಮವಸ್ತ್ರ ತೊಟ್ಟ ಆಳುಹುಡುಗನೊಬ್ಬ ಹಯಸಿಂತ್ ಹೂಗಿಡದ ಕುಂಡವನ್ನು ಹೊತ್ತು ತರುತ್ತಿದ್ದಾನೆ. ಅಮ್ಮಂದಿರ ದಿನಕ್ಕೆ ಹೂ ಕೊಡುವ ಪದ್ಧತಿ ಈ ಒಂದು ಚಿತ್ರದಿಂದಲೇ ಹುಟ್ಟಿತು ಎಂಬ ಮಾತು ಆತನ ಬಗೆಗಿನ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ತಾರೀಖುಗಳನ್ನು ಎದುರಿಗಿಟ್ಟು ನೋಡಿದರೆ ಇದು ನಿಲ್ಲುವುದಿಲ್ಲ. ಆ ವರ್ಷ ಅಮ್ಮಂದಿರ ದಿನ ಬಂದದ್ದು ಮೇ 10ರ ಭಾನುವಾರ; ಸಂಚಿಕೆಯ ತಾರೀಖು ಅದಕ್ಕಿಂತ ಇಪ್ಪತ್ತು ದಿನ ಈಚಿನದು. ಈ ದಿನಾಚರಣೆಗಾಗಿ ಹೋರಾಡಿದ ಆನಾ ಜಾರ್ವಿಸ್ 1908ರಲ್ಲೇ ವೆಸ್ಟ್ ವರ್ಜೀನಿಯಾದ ಗ್ರಾಫ್ಟನ್ ಊರಿನ ಚರ್ಚಿಗೆ ಐನೂರು ಬಿಳಿ ಕಾರ್ನೇಷನ್ ಹೂಗಳನ್ನು ಕಳಿಸಿದ್ದಳು. ಹೂವಿನ ಪದ್ಧತಿ ಚಿತ್ರಕ್ಕಿಂತ ಹಳೆಯದು. ಚಿತ್ರ ಆ ಪದ್ಧತಿಯನ್ನು ಹರಡಲು ನೆರವಾಗಿರಬಹುದು, ಅಷ್ಟೇ. ಸಾಂತಾಕ್ಲಾಸನ ಕೆಂಪು ಉಡುಪಿನ ರೂಪವನ್ನು ಆತನೇ ಕೊಟ್ಟನೆಂಬ ಮಾತಿಗೂ ಇದೇ ಎಚ್ಚರ ಬೇಕು. ಥಾಮಸ್ ನ್ಯಾಸ್ಟ್ ಹತ್ತೊಂಬತ್ತನೆಯ ಶತಮಾನದಲ್ಲೇ ದಡೂತಿ ಮೈಯ, ಗಡ್ಡದ ಸಾಂತಾನನ್ನು ಬರೆದಾಗಿತ್ತು. ದೊಡ್ಡ ಕಲಾವಿದನಿಗೆ ಹೀಗೆ ಇಲ್ಲದ ಬಿರುದು ಕಟ್ಟುವುದರಿಂದ ಆತನ ನಿಜವಾದ ಸಾಧನೆ ಹಿಂದೆ ಸರಿಯುತ್ತದೆ.

ಜಾಹೀರಾತಿನ ಲೋಕದಲ್ಲಿ ಲೈಯೆಂಡೆಕರ್ ಹೆಸರು ಆರೋ ಕಾಲರ್ ಜೊತೆ ಬೆಸೆದುಕೊಂಡಿದೆ. ಆಗಿನ ಅಂಗಿಗಳಿಗೆ ಕಾಲರ್ ಬೇರೆಯಾಗಿಯೇ ಸಿಗುತ್ತಿತ್ತು. ಅಂಗಿಯನ್ನು ದಿನವೂ ಒಗೆಯುವುದು ಕಷ್ಟ. ಕೊಳೆಯಾಗುವ ಕಾಲರನ್ನಷ್ಟೇ ಬಿಚ್ಚಿ, ಒಗೆದು, ಗಂಜಿ ಹಾಕಿ ಮತ್ತೆ ತೊಡಬಹುದಿತ್ತು. ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರು ಈ ಉದ್ಯಮದ ಕೇಂದ್ರ. ಅಲ್ಲಿನ ಕ್ಲೂಯೆಟ್ ಪೀಬಡಿ ಕಂಪನಿಯ ಸರಕು ಆರೋ ಕಾಲರ್. 1905ರಿಂದ 1931ರವರೆಗೆ ಲೈಯೆಂಡೆಕರ್ ಅದಕ್ಕೆ ಚಿತ್ರ ಬರೆದ. ಬೆರಳಗಲದ ಬಟ್ಟೆಪಟ್ಟಿಯನ್ನು ಮಾರಲು ಆತ ಸೃಷ್ಟಿಸಿದ್ದು ಒಬ್ಬ ಗಂಡಸನ್ನು: ಚೂಪು ದವಡೆ, ನೇರ ಮೂಗು, ಅಗಲ ಭುಜ, ನೋಡುಗನ ಕಡೆ ತಿರುಗದ ಕಣ್ಣು. ಮನೆಯ ಕೋಣೆಯಲ್ಲಿ ಕುಳಿತು ಓದುತ್ತಿರುವ, ಗಾಲ್ಫ್ ಆಡಿ ಬಂದು ನಿಂತಿರುವ, ನೃತ್ಯಕೂಟದಲ್ಲಿ ಹೆಣ್ಣಿನ ಜೊತೆ ಹೆಜ್ಜೆ ಹಾಕುತ್ತಿರುವ ಈ ವ್ಯಕ್ತಿಗೆ ಹೆಸರಿರಲಿಲ್ಲ, ಆದರೂ ದೇಶದ ತುಂಬ ಅಭಿಮಾನಿಗಳಿದ್ದರು. ಅವನು ನಿಜವಾದ ಮನುಷ್ಯನೆಂದೇ ನಂಬಿ ಹೆಂಗಸರು ಕಂಪನಿಗೆ ಪ್ರೇಮಪತ್ರ ಬರೆಯುತ್ತಿದ್ದರು. ತಿಂಗಳಿಗೆ 17,000 ಪತ್ರ ಬಂದದ್ದುಂಟು ಎಂಬ ಪ್ರಚಲಿತ ಲೆಕ್ಕವನ್ನು ಜಾಹೀರಾತಿನವರ ಉತ್ಸಾಹವೆಂದು ತುಸು ತಗ್ಗಿಸಿ ಓದುವುದು ಒಳ್ಳೆಯದು.

ಈ ಆರೋ ಕಾಲರ್ ಗಂಡಸಿನ ಮೂಲ ರೂಪದರ್ಶಿ ಚಾರ್ಲ್ಸ್ ಬೀಚ್. ಲೈಯೆಂಡೆಕರ್ ಅವನನ್ನು ಕಂಡದ್ದು 1903ರಲ್ಲಿ, ರೂಪದರ್ಶಿಯ ಕೆಲಸ ಹುಡುಕಿಕೊಂಡು ಬಂದಾಗ. ಅಲ್ಲಿಂದ 1951ರಲ್ಲಿ ಲೈಯೆಂಡೆಕರ್ ಸಾಯುವವರೆಗೆ, 48 ವರ್ಷ, ಅವರಿಬ್ಬರ ಒಡನಾಟ ಮುರಿಯಲಿಲ್ಲ. ಮೊದಮೊದಲು ರೂಪದರ್ಶಿ, ಆಮೇಲೆ ವ್ಯವಹಾರ ನೋಡಿಕೊಳ್ಳುವವನು, ಕೊನೆಗೆ ಮನೆಯ ಯಜಮಾನಿಕೆ ವಹಿಸಿಕೊಂಡವನು. ಪತ್ರಿಕೆಯವರ ಜೊತೆ ಮಾತುಕತೆ, ಬೇರೆ ರೂಪದರ್ಶಿಗಳನ್ನು ಗೊತ್ತುಮಾಡುವುದು, ಮನೆಯಾಳುಗಳು, ಖರ್ಚುವೆಚ್ಚ ಎಲ್ಲವೂ ಬೀಚ್ ಕೈಯಲ್ಲಿತ್ತು. ಲೈಯೆಂಡೆಕರ್ ಹೊರಗೆ ಕಾಣಿಸಿಕೊಳ್ಳುತ್ತಿದ್ದದ್ದೇ ಅಪರೂಪ. ಹಾಗೆಂದು ಆರೋ ಗಂಡಸಿನ ಪ್ರತಿ ಮುಖವೂ ಬೀಚ್‌ನದೆಂದು ತಿಳಿಯುವುದು ತಪ್ಪು. ಮುಂದೆ ಹಾಲಿವುಡ್ ನಟರಾದ ಫ್ರೆಡ್ರಿಕ್ ಮಾರ್ಚ್, ಬ್ರಯನ್ ಡಾನ್ಲೆವಿ, ನೀಲ್ ಹ್ಯಾಮಿಲ್ಟನ್ ಕೂಡ ಈ ಜಾಹೀರಾತುಗಳಿಗೆ ರೂಪದರ್ಶಿಗಳಾಗಿದ್ದವರು. ಮೇಲೆ ವಿವರಿಸಿದ ಚೌಕುಳಿಯ ವಿಧಾನದಲ್ಲಿ ಒಬ್ಬನ ಮುಖಕ್ಕೆ ಮತ್ತೊಬ್ಬನ ಕೈ ಸೇರಿಸುವುದು ಸುಲಭ. ಕೊನೆಯ ಹಂತದಲ್ಲಿ ರೂಪದರ್ಶಿಯೇ ಎದುರಿಗಿಲ್ಲದ್ದರಿಂದ ಎಲ್ಲರೂ ಕರಗಿ ಒಂದೇ ಮಾದರಿಗೆ ಬರುತ್ತಿದ್ದರು.

1914ರಲ್ಲಿ ನ್ಯೂಯಾರ್ಕಿಗೆ ಹತ್ತಿರದ ನ್ಯೂ ರೊಶೆಲ್‌ನಲ್ಲಿ ದೊಡ್ಡ ಮನೆ, ವಿಶಾಲ ತೋಟ ಎದ್ದವು. ಜೋಸೆಫ್, ಫ್ರಾಂಕ್, ಆಗಸ್ಟಾ ಮೂವರೂ ಮದುವೆಯಾಗದೆ ಅಲ್ಲೇ ಇದ್ದರು. ಮನೆಯಲ್ಲಿ ಬೀಚ್‌ನ ಹಿಡಿತ ಹೆಚ್ಚಿದಂತೆ ಸಹೋದರಿ ಮತ್ತು ತಮ್ಮನಿಗೆ ಅವನೊಡನೆ ಜಗಳ ಬೆಳೆಯಿತು. 1923ರಲ್ಲಿ ಇಬ್ಬರೂ ಮನೆ ಬಿಟ್ಟು ಹೋದರು. ‘ವ್ಯಾನಿಟಿ ಫೇರ್’, ‘ಲೈಫ್’ ಪತ್ರಿಕೆಗಳಿಗೆ ಸೊಗಸಾದ ಮುಖಪುಟಗಳನ್ನು ಬರೆದಿದ್ದ ಫ್ರಾಂಕ್, ಮಾದಕ ವಸ್ತುವಿನ ಚಟಕ್ಕೆ ಸಿಕ್ಕಿ, ಮರುವರ್ಷವೇ ತೀರಿಕೊಂಡ. ಅಣ್ಣನ ನೆರಳಿನಲ್ಲಿ ಸಮಾನ ಪ್ರತಿಭೆಯೊಂದು ಮುರುಟಿಹೋದ ಈ ಕಥೆ ಇನ್ನೂ ಪ್ರತ್ಯೇಕ ಅಧ್ಯಯನವನ್ನು ಬೇಡುತ್ತದೆ. ಈ ಸಾವಿನ ಬಗ್ಗೆ ಜೋಸೆಫ್ ಏನು ಅನುಭವಿಸಿದ ಎಂಬುದಕ್ಕೆ ಆತನದೇ ಒಂದು ಸಾಲೂ ಪ್ರಕಟವಾಗಿ ಉಳಿದಿಲ್ಲ. ಮುಖಪುಟಗಳಂತೂ ಆ ವರ್ಷವೂ ನಿಲ್ಲದೆ ಬಂದವು.

ಇಳಿಗಾಲ ಶುರುವಾದದ್ದು 1930ರ ಆಸುಪಾಸಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಮೆತ್ತನೆಯ, ಹೊಲಿದೇ ಇರುವ ಕಾಲರಿನ ಅಂಗಿಗೆ ಒಗ್ಗಿಹೋದ ಗಂಡಸರು ಗಂಜಿ ಹಾಕಿದ ಬಿರುಸು ಕಾಲರಿಗೆ ಹಿಂತಿರುಗಲಿಲ್ಲ. ಆ ಸರಕಿನ ಜೊತೆಗೇ ಅದರ ಜಾಹೀರಾತೂ ಮುಗಿಯಿತು. ಆರ್ಥಿಕ ಕುಸಿತ ಉಳಿದ ಜಾಹೀರಾತುಗಳನ್ನೂ ಕಡಿಮೆ ಮಾಡಿತು. 1936ರ ಕೊನೆಗೆ ಲೊರಿಮರ್ ‘ಪೋಸ್ಟ್’ನಿಂದ ನಿವೃತ್ತನಾದ ಮೇಲೆ ಬಂದ ಸಂಪಾದಕರು ಆತನ ಚಿತ್ರಗಳನ್ನು ಕೇಳುವುದು ವಿರಳವಾಯಿತು. ನಾರ್ಮನ್ ರಾಕ್‌ವೆಲ್‌ನಂತಹ ಕಿರಿಯರು ಅಷ್ಟರಲ್ಲಿ ಮುಂದೆ ಬಂದಿದ್ದರು. ರಾಕ್‌ವೆಲ್ ಬರೆದ ‘ಪೋಸ್ಟ್’ನ ಮೊದಲ ಮುಖಪುಟ 1916ರ ಮೇ 20ರದು, ಲೈಯೆಂಡೆಕರ್‌ನ ಮೊದಲ ಮುಖಪುಟ ಬಂದು ಅಂದಿಗೆ ಸರಿಯಾಗಿ ಹದಿನೇಳು ವರ್ಷ. ದೊಡ್ಡ ಮನೆಯನ್ನು ನಡೆಸಲು ಹಣ ಸಾಲದೆ ಆಳುಗಳನ್ನು ಬಿಡಿಸಬೇಕಾಯಿತು. ‘ಅಮೆರಿಕನ್ ವೀಕ್ಲಿ’ಯ ಮುಖಪುಟಗಳಂತಹ ಕೆಲಸಗಳನ್ನು ಲೈಯೆಂಡೆಕರ್ ಕೊನೆಯವರೆಗೂ ಮಾಡಿದ. 1951ರ ಜುಲೈ 25ರಂದು ಹೃದಯಾಘಾತದಿಂದ ತನ್ನ ಮನೆಯಲ್ಲೇ ತೀರಿಕೊಂಡ. ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯ ಮಂದಿ. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ರಾಕ್‌ವೆಲ್ ಒಬ್ಬ.

ಆಸ್ತಿ ಆಗಸ್ಟಾ ಮತ್ತು ಬೀಚ್ ನಡುವೆ ಹಂಚಿಕೆಯಾಯಿತು. ಪತ್ರಗಳನ್ನೂ ಚಿತ್ರಗಳನ್ನೂ ನಾಶಮಾಡಬೇಕೆಂಬ ಸೂಚನೆಯನ್ನು ಬೀಚ್ ಅರ್ಧ ಮಾತ್ರ ಪಾಲಿಸಿದ. ಖಾಸಗಿ ಕಾಗದಗಳು ಹೋದವು. ಹಣದ ಅಡಚಣೆಯಿದ್ದುದರಿಂದ ಚಿತ್ರಗಳನ್ನು ಮಾರಾಟಕ್ಕಿಟ್ಟ. ಮನೆಯಂಗಳದ ಮಾರಾಟದಲ್ಲಿ ಅಭ್ಯಾಸಚಿತ್ರಗಳು ಚಿಲ್ಲರೆ ಕಾಸಿಗೆ ಹೋದವು; ಮುಖಪುಟಗಳ ಮೂಲ ಚಿತ್ರಗಳಿಗೆ ತಲಾ 75 ಡಾಲರ್. ಅಚ್ಚಾಗಿ ಮುಗಿದ ಮೇಲೆ ಪತ್ರಿಕೆಯ ಚಿತ್ರಕ್ಕೆ ಬೆಲೆಯಿಲ್ಲ ಎಂಬುದು ಆ ಕಾಲದ ನಂಬಿಕೆ. ಕಲೆ ಎಂದರೆ ಗ್ಯಾಲರಿಯದು, ಪತ್ರಿಕೆಯದು ಬರೀ ಸಂಬಳದ ಕೆಲಸ ಎಂಬ ಆ ವಿಂಗಡಣೆ ಎಷ್ಟೋ ಒಳ್ಳೆಯ ಚಿತ್ರಗಳನ್ನು ಕಸದ ಬುಟ್ಟಿಗೆ ಕಳಿಸಿದೆ. ಕೆಲವೇ ವರ್ಷಗಳಲ್ಲಿ ಬೀಚ್ ಕೂಡ ತೀರಿಕೊಂಡ. ಆ ಬದುಕನ್ನು ಬಾಳಿದ ಲೈಯೆಂಡೆಕರ್, ಬೀಚ್ ಇಬ್ಬರೂ ಹೀಗೆ ಏನನ್ನೂ ಹೇಳದೆ ಹೋದರು.

ಆ ಖಾಲಿ ಜಾಗವನ್ನು ತುಂಬಿದ್ದು ರಾಕ್‌ವೆಲ್‌ನ ಮಾತು. 1960ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ರಾಕ್‌ವೆಲ್ ಲೈಯೆಂಡೆಕರ್ ಸಹೋದರರ ಬಗ್ಗೆ ದೀರ್ಘವಾಗಿ ಬರೆದಿದ್ದಾನೆ. ಎಳೆಯನಿದ್ದಾಗ ಆತನನ್ನು ಆರಾಧಿಸಿದ್ದು, ಆತನೊಡನೆ ಕೆಲಸ ಮಾಡಿದ ರೂಪದರ್ಶಿಗಳನ್ನು ಹಿಡಿದು ಆತ ಹೇಗೆ ಬರೆಯುತ್ತಾನೆಂದು ಕೆದಕಿ ಕೇಳಿದ್ದು, ನ್ಯೂ ರೊಶೆಲ್‌ನಲ್ಲಿ ನೆರೆಯವನಾಗಿ ಸ್ನೇಹ ಬೆಳೆಸಿದ್ದು ಎಲ್ಲವೂ ಅಲ್ಲಿದೆ. ಲೈಯೆಂಡೆಕರ್ ನಾಚಿಕೆಯ ಸ್ವಭಾವದವನು, ಮಾತು ಕಡಿಮೆ ಎಂಬ ಇಂದಿನ ಚಿತ್ರಣ ಬಹುಪಾಲು ಇಲ್ಲಿಂದ ಬಂದದ್ದು. ಬೀಚ್ ಮೇಲೆ ಮಾತ್ರ ರಾಕ್‌ವೆಲ್ ನಿಷ್ಕರುಣಿ. ಪ್ರತಿಭಾವಂತನೊಬ್ಬನನ್ನು ಲೋಕದಿಂದ ಕಡಿದು, ಅವನನ್ನೇ ಹೀರಿ ಬದುಕಿದ ಪರಾವಲಂಬಿ ಎಂಬಂತೆ ಚಿತ್ರಿಸಿದ್ದಾನೆ. ಈ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ. ಬೇರೆ ಸಾಕ್ಷಿಯೇ ವಿರಳ. ಆದರೆ ಅದನ್ನು ಪೂರ್ತಿ ನಂಬುವಂತೆಯೂ ಇಲ್ಲ. ಬೀಚ್ ಸತ್ತ ಮೇಲೆ ಬರೆದದ್ದು ಅದು, ಉತ್ತರ ಕೊಡಲು ಅವನಿರಲಿಲ್ಲ. ಮನೆಗೆ ಆಗಾಗ ಬಂದುಹೋಗುವ ಅತಿಥಿಗೆ ಕಂಡದ್ದು ಬಾಗಿಲಲ್ಲಿ ನಿಂತು ಕಾಯುವವನ ಒರಟುತನ. ಎರಡು ಯುದ್ಧ, ಒಂದು ಆರ್ಥಿಕ ಕುಸಿತ ದಾಟಿ 48 ವರ್ಷ ಒಬ್ಬ ಕಲಾವಿದನಿಗೆ ವಾರವಾರದ ಗಡುವಿನೊಳಗೆ ಕೆಲಸ ಮುಗಿಸುವಷ್ಟು ನೆಮ್ಮದಿಯನ್ನು ಯಾರು ಒದಗಿಸಿದರು ಎಂಬ ಪ್ರಶ್ನೆಯನ್ನು ರಾಕ್‌ವೆಲ್ ಕೇಳಲಿಲ್ಲ. 322 ಮುಖಪುಟಗಳ ಪಟ್ಟಿ ಆ ಪ್ರಶ್ನೆಯನ್ನು ಕೇಳುತ್ತದೆ.

ಲೈಯೆಂಡೆಕರ್ ಮತ್ತು ಬೀಚ್ ಬಾಳಸಂಗಾತಿಗಳಾಗಿದ್ದರು ಎಂಬುದು ಇಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅರ್ಧ ಶತಮಾನಕ್ಕೆ ಹತ್ತಿರದ ಸಹವಾಸ, ಮದುವೆಯಾಗದ ಬದುಕು, ಆಸ್ತಿಯ ಪಾಲು ಇದನ್ನೇ ಸೂಚಿಸುತ್ತವೆ. ಮೌನಕ್ಕೂ ಬಲವಾದ ಕಾರಣವಿತ್ತು. ಸಲಿಂಗ ಸಂಬಂಧ ಆಗ ನ್ಯೂಯಾರ್ಕ್ ರಾಜ್ಯದಲ್ಲಿ ಶಿಕ್ಷಾರ್ಹ ಅಪರಾಧ. ಆ ಕಾನೂನನ್ನು ಅಲ್ಲಿನ ಅತ್ಯುನ್ನತ ನ್ಯಾಯಾಲಯ ರದ್ದುಪಡಿಸಿದ್ದು 1980ರಲ್ಲಿ. ಕುಟುಂಬಗಳ ಪತ್ರಿಕೆಗೆ ಕ್ರಿಸ್‌ಮಸ್ ಮುಖಪುಟ ಬರೆಯುವವನ ಬಗ್ಗೆ ಒಂದು ಪಿಸುಮಾತು ಹಬ್ಬಿದರೂ ಜೀವನೋಪಾಯವೇ ಹೋಗುವ ಅಪಾಯವಿತ್ತು. ಪತ್ರಗಳನ್ನು ನಾಶಮಾಡಲು ಹೇಳಿದವನ ಭಯವನ್ನು ಈ ಹಿನ್ನೆಲೆಯಲ್ಲೇ ಅರ್ಥಮಾಡಿಕೊಳ್ಳಬೇಕು. ಅದು ಹುಚ್ಚಾಟವಲ್ಲ, ಇಬ್ಬರ ಮಾನ ಉಳಿಸುವ ಎಚ್ಚರ.

ಇನ್ನು ಚಿತ್ರಗಳಲ್ಲಿ ಈ ಗುಟ್ಟನ್ನು ಓದುವ ಪ್ರಯತ್ನ. ಆರೋ ಜಾಹೀರಾತಿನ ಇಬ್ಬರು ಗಂಡಸರ ನಡುವಿನ ನೋಟ, ಎದುರಿಗೆ ಹೆಣ್ಣಿದ್ದರೂ ಬೇರೆಲ್ಲೋ ನೆಟ್ಟ ಕಣ್ಣು, ಆಟಗಾರರ, ಸೈನಿಕರ ಮೈಕಟ್ಟಿನ ಮೇಲಿನ ಒಲವು ಇವನ್ನು ಗುಪ್ತ ಸಂಕೇತಗಳೆಂದು ಈಚಿನ ಬರಹಗಳು ಓದುತ್ತವೆ. ಗಂಡಿನ ದೇಹವನ್ನು ಅಷ್ಟು ಮಮತೆಯಿಂದ ಬರೆದ ಪತ್ರಿಕಾ ಚಿತ್ರಕಾರ ಆ ಕಾಲದಲ್ಲಿ ಮತ್ತೊಬ್ಬನಿಲ್ಲ ಎಂಬುದು ಒಪ್ಪತಕ್ಕ ಮಾತು. ಆದರೆ ಜಾಹೀರಾತಿನ ಚಿತ್ರಕ್ಕೆ ಒಬ್ಬನೇ ಒಡೆಯನಿರುವುದಿಲ್ಲ. ಕಂಪನಿ ಒಪ್ಪಬೇಕು, ಕಾಲರ್ ಪೂರ್ತಿ ಕಾಣಬೇಕು, ಗಂಡಸು ಕೊಳ್ಳಬೇಕು, ಹೆಂಗಸು ಮೆಚ್ಚಬೇಕು. ದೂರ ನೆಟ್ಟ ನೋಟ ಕತ್ತನ್ನು ತಿರುಗಿಸುತ್ತದೆ. ಕತ್ತು ತಿರುಗಿದರೆ ಕಾಲರ್ ಚೆನ್ನಾಗಿ ಕಾಣುತ್ತದೆ. ಒಂದೇ ಗೆರೆಯಲ್ಲಿ ವ್ಯಾಪಾರವೂ ಒಲವೂ ಸೇರಿರುವುದು ಸಾಧ್ಯ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆಂದು ಗೆರೆ ಕೊಯ್ದು ತೋರಿಸಲು ಇರುವ ಸಾಮಗ್ರಿ ಸಾಲದು. ಕಲಾವಿದನ ಅಂತರಂಗದ ಬಗ್ಗೆ ಸಂಭವನೀಯ ಎನ್ನಬಹುದಾದದ್ದನ್ನು ಸಾಬೀತಾದದ್ದು ಎಂದು ಬರೆದರೆ, ಹೂಗಿಡದ ಮುಖಪುಟಕ್ಕೆ ಆದದ್ದೇ ಇಲ್ಲೂ ಆಗುತ್ತದೆ.

ಸಾವಿನ ನಂತರ ಎರಡು ದಶಕ ಲೈಯೆಂಡೆಕರ್ ಹೆಸರು ಕಲೆಯ ಇತಿಹಾಸದಲ್ಲಿ ಹೆಚ್ಚು ಕೇಳಿಬರಲಿಲ್ಲ. ಮೈಕೆಲ್ ಶಾ ಬರೆದ ಪುಸ್ತಕ 1974ರಲ್ಲಿ ಬಂದ ಮೇಲೆ ಮರುಪರಿಚಯ ಶುರುವಾಯಿತು. ಲಾರೆನ್ಸ್ ಕಟ್ಲರ್ ಮತ್ತು ಜೂಡಿ ಗಾಫ್‌ಮನ್ ಕಟ್ಲರ್ ಅವರ ದೊಡ್ಡ ಗ್ರಂಥ 2008ರದು. 2021ರಲ್ಲಿ ‘ಕೋಡೆಡ್’ ಎಂಬ ಕಿರು ಸಾಕ್ಷ್ಯಚಿತ್ರ ಬಂತು. ಅದೇ ವರ್ಷ, 1914ರಲ್ಲಿ ಬರೆದ ಗಾಯಗೊಂಡ ಫುಟ್‌ಬಾಲ್ ಹುಡುಗನ ಮುಖಪುಟದ ಮೂಲ ಚಿತ್ರ ಹರಾಜಿನಲ್ಲಿ 41 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. 2023ರಲ್ಲಿ ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿ ಆತನ ಚಿತ್ರಗಳ ಪ್ರದರ್ಶನ ನಡೆಸಿತು. ಈಗ ಮೂಲ ಚಿತ್ರಗಳ ಮುಖ್ಯ ಸಂಗ್ರಹಗಳು ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿರುವ ಹ್ಯಾಗಿನ್ ವಸ್ತುಸಂಗ್ರಹಾಲಯದಲ್ಲೂ ನ್ಯೂಪೋರ್ಟಿನ ಅಮೆರಿಕನ್ ಇಲ್ಲಸ್ಟ್ರೇಷನ್ ವಸ್ತುಸಂಗ್ರಹಾಲಯದಲ್ಲೂ ಇವೆ.

ಮನೆಯಂಗಳದಲ್ಲಿ ಚಿಲ್ಲರೆ ಕಾಸಿಗೆ ಮಾರಿಹೋದ ಅಭ್ಯಾಸ ಕ್ಯಾನ್ವಾಸುಗಳು ಈಗಲೂ ಹರಾಜುಗಳಲ್ಲಿ ಆಗಾಗ ಹೊರಬರುತ್ತವೆ. ಅವುಗಳ ಮೇಲೆ ಸಾಮಾನ್ಯವಾಗಿ ತಾರೀಖಿರುವುದಿಲ್ಲ. ಅಲ್ಲಿರುವ ಒಂದು ಕೈ, ಒಂದು ತೋಳಿನ ಮಡಿಕೆ, ಒಂದು ಟೊಪ್ಪಿಗೆಯ ಅಂಚನ್ನು ಅಚ್ಚಾದ ಮುಖಪುಟಗಳೊಡನೆ ಹೋಲಿಸಿದರೆ, ಅದು ಯಾವ ಸಂಚಿಕೆಗಾಗಿ ಮಾಡಿದ ಅಭ್ಯಾಸವೆಂಬುದು ತಿಳಿಯುತ್ತದೆ. ಸಂಚಿಕೆಯ ತಾರೀಖಿನಿಂದ ಹಿಂದಕ್ಕೆ ಎಣಿಸಿದರೆ ಹೆಚ್ಚುಕಡಿಮೆ ಯಾವ ತಿಂಗಳಲ್ಲಿ ಬರೆದದ್ದೆಂಬುದೂ ಗೊತ್ತಾಗುತ್ತದೆ. ಪತ್ರಗಳಿಲ್ಲದ ಈ ಕಲಾವಿದನ ದಿನಗಳನ್ನು ಇಂದು ಜೋಡಿಸಲಾಗುತ್ತಿರುವುದು ಈ ಕ್ರಮದಲ್ಲಿ, ಒಂದೊಂದು ಕ್ಯಾನ್ವಾಸ್ ತುಂಡಿನಿಂದ.